ನಾಯಿ ಸಾಕು

ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳ ನಿಜವಾದ ಹೆಸರು ಗೊತ್ತಿದ್ದದ್ದು ಹಾಜರಿ ಪುಸ್ತಕಕ್ಕೆ ಮಾತ್ರ. ಮಿಕ್ಕವರಿಗೆಲ್ಲ ಅವಳು ಸಾಕಕ್ಕ. ಬೆಳಿಗ್ಗೆ ಬಂದು ಏಪ್ರನ್ ಕಟ್ಟಿಕೊಳ್ಳುವಾಗ ಒಂದು ಸಲ, ವಾರ್ಡುಗಳಿಂದ ಮೊದಲ ಗಾಡಿ ಬಟ್ಟೆ ಇಳಿದಾಗ ಒಂದು ಸಲ, ಊಟದ ಡಬ್ಬಿ ಮುಚ್ಚುವಾಗ ಒಂದು ಸಲ, ಸಂಜೆ ಚಪ್ಪಲಿ ಮೆಟ್ಟುವಾಗ ಒಂದು ಸಲ 'ಸಾಕಪ್ಪಾ ಸಾಕು' ಎನ್ನದಿದ್ದರೆ ಅವಳ ದಿನ ಮುಂದಕ್ಕೆ ಹೋಗುತ್ತಿರಲಿಲ್ಲ. ಹೀಗೆ ಸಾಕು ಸಾಕು ಎನ್ನುತ್ತಲೇ ಇಪ್ಪತ್ತನಾಲ್ಕು ವರ್ಷ ಕಳೆದಿದ್ದಳು, ಒಂದು ದಿನವೂ ಸುಳ್ಳು ಹೇಳಿ ರಜೆ ಹಾಕಿದವಳಲ್ಲ. ಬಾಯಲ್ಲಿ ಸಾಕು, ಕೈಯಲ್ಲಿ ಇನ್ನೊಂದು ಶೀಟು. ಅಂಥ ಜೀವ ಅದು.

ಮೂರು ದಿನ ಬೀಸಿದ ಬಿರುಗಾಳಿ ನಿಂತ ಮರುದಿನ ಬೆಳಿಗ್ಗೆ, ಅವಳ ವಾರದ ರಜೆಯ ದಿನ, ಈ ಸಾಕಕ್ಕ ನಾಯಿಯ ಹಗ್ಗ ಹಿಡಿದು ಸಮುದ್ರದ ದಂಡೆಯಲ್ಲಿ ನಡೆಯುತ್ತಿದ್ದಳು. ಗಾಳಿ ಕುಡಿಯಲು ಬಂದವಳೇನಲ್ಲ, ಮೂರು ದಿನ ಕುಡಿದದ್ದೇ ಜನ್ಮಕ್ಕಾಗುವಷ್ಟಿತ್ತು. ದಂಡೆಯ ಆ ತುದಿಯಲ್ಲಿ ಮೀನಿನ ಬಲೆಗಳನ್ನಿಡುವ ಗೋದಾಮಿದೆ. ಅಲ್ಲಿಯ ಕಾವಲುಗಾರನಿಗೆ ನಾಯಿಯನ್ನು ಒಪ್ಪಿಸಿ ಕೈ ತೊಳೆದುಕೊಂಡರೆ, ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಸಂಜೆಯವರೆಗೆ ಕೊರಡಿನ ಹಾಗೆ ಬಿದ್ದುಕೊಳ್ಳಬಹುದು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ನಾಯಿ ಅವಳದಲ್ಲ, ಅಕ್ಕನದು. ಅಕ್ಕ ಎಂದರೆ ಒಡಹುಟ್ಟಿದವಳು, ಹತ್ತು ವರ್ಷಕ್ಕೆ ದೊಡ್ಡವಳು. ತಾಯಿ ತೀರಿಕೊಂಡಾಗ ತಂಗಿಗೆ ಎಂಟು, ಅಕ್ಕನಿಗೆ ಹದಿನೆಂಟು. ಆ ವಯಸ್ಸಿನಲ್ಲಿ ಮುದ್ರಣಾಲಯಕ್ಕೆ ಪ್ರೂಫ್ ತಿದ್ದುವ ಕೆಲಸಕ್ಕೆ ಸೇರಿದವಳು ಜೊತೆಯಲ್ಲಿ ತಂಗಿಯನ್ನೂ ಕರೆದೊಯ್ಯುತ್ತಿದ್ದಳು. ಶಾಲೆ ಬಿಟ್ಟ ಮೇಲೆ ಹುಡುಗಿ ಕಾಗದದ ಕಟ್ಟುಗಳ ಮೇಲೆ ಮಲಗಿ ನಿದ್ದೆ ಹೋಗುತ್ತಿತ್ತು. ಯಾರಾದರೂ ಜೋರಾಗಿ ಮಾತಾಡಿದರೆ ಅಕ್ಕ ಕಾಗದದಿಂದ ಕಣ್ಣೆತ್ತದೆ ತುಟಿಯ ಮೇಲೆ ಬೆರಳಿಡುತ್ತಿದ್ದಳು. 'ನಿಮ್ಮಕ್ಕ ಯಂತ್ರಕ್ಕೂ ಶ್ ಅಂತಿದ್ದಳಮ್ಮ' ಎಂದು ಮುದ್ರಣಾಲಯದ ಹಳಬರು ಮೊನ್ನೆ ಮೊನ್ನೆಯವರೆಗೂ ನಗುತ್ತಿದ್ದರು.

ನಲವತ್ತೆರಡು ವರ್ಷ ಅದೇ ಕೆಲಸ. ಅಕ್ಷರವೊಂದು ತಪ್ಪಿದ್ದು ಕಂಡರೆ ಅಕ್ಕನಿಗೆ ತಿಂದ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಅಂಗಡಿಯ ಬೋರ್ಡು, ಬಸ್ಸಿನ ಟಿಕೀಟು, ಔಷಧಿಯ ಡಬ್ಬಿ, ಕಣ್ಣಿಗೆ ಬಿದ್ದದ್ದನ್ನೆಲ್ಲ ತಿದ್ದುವ ಚಟ. ಪದವೊಂದು ಬಿಟ್ಟುಹೋಗಿದ್ದರೆ ಆ ಜಾಗದಲ್ಲಿ ಗುಡಿಸಲಿನ ಮಾಡಿನಂಥ ಸಣ್ಣ ಗುರುತು ಹಾಕಿ, ಗೆರೆಯೊಂದನ್ನು ಎಳೆದು, ಪದವನ್ನು ಕಾಗದದ ಅಂಚಿನಲ್ಲಿ ಬರೆಯುವುದು ಅವಳ ಪದ್ಧತಿ. ಒಮ್ಮೆ ತಂಗಿ 'ಹಾಲು ಮುಗಿದಿದೆ ತಾ' ಎಂದು ಚೀಟಿ ಬರೆದಿಟ್ಟು ಕೆಲಸಕ್ಕೆ ಹೋಗಿದ್ದಳು. ಸಂಜೆ ಬಂದು ನೋಡಿದರೆ ಚೀಟಿಯಲ್ಲಿ ಅಲ್ಪವಿರಾಮ ಸೇರಿತ್ತು, ಕೊನೆಗೊಂದು ಚುಕ್ಕಿ ಬಿದ್ದಿತ್ತು, ಹಾಲು ಮಾತ್ರ ಬಂದಿರಲಿಲ್ಲ.

ಅಂಥವಳು ನಿವೃತ್ತಿಯಾದ ವಾರವೇ ಬೀದಿಯಿಂದ ಒಂದು ಕಂದು ನಾಯಿಮರಿಯನ್ನು ಎತ್ತಿಕೊಂಡು ಬಂದಳು. ಅದರ ಬಾಲ ಹುಟ್ಟಿನಿಂದಲೇ ಬಲಕ್ಕೆ ಬಾಗಿ ಸುತ್ತಿಕೊಂಡಿತ್ತು. ಮಕ್ಕಳು 'ಕ ಕೊಂಬು ಕು' ಎಂದು ಕಲಿಯುತ್ತಾರಲ್ಲ, ಥೇಟ್ ಆ ಕೊಂಬಿನ ಹಾಗೆ. ಸರಿ, ಅದಕ್ಕೆ ಕೊಂಬು ಎಂದೇ ಹೆಸರಾಯಿತು. ಲೋಕದಲ್ಲಿ ಕೊಂಬಿಲ್ಲದ ಪ್ರಾಣಿಗೆ ಕೊಂಬು ಎಂದು ಹೆಸರಿಟ್ಟವಳು ನೀನೊಬ್ಬಳೇ ಎಂದು ತಂಗಿ ಮೂಗು ಮುರಿದಿದ್ದಳು. ಅವಳಿಗೆ ನಾಯಿಯೆಂದರೆ ಅಷ್ಟಕ್ಕಷ್ಟೆ. ಆಗದೆಂದೇನಿಲ್ಲ, ಇನ್ನೊಂದು ಜೀವದ ಕೆಲಸ ತಲೆಗೆ ಕಟ್ಟಿಕೊಳ್ಳಲು ಅವಳಲ್ಲಿ ತ್ರಾಣ ಉಳಿದಿರಲಿಲ್ಲ. ಲಾರಿ ಓಡಿಸುತ್ತಿದ್ದ ಗಂಡ ಇನ್ನೊಂದು ಊರಿನಲ್ಲಿ ಇನ್ನೊಂದು ಸಂಸಾರ ಹೂಡಿದ್ದು ಗೊತ್ತಾದ ದಿನ ಒಂದು ಟ್ರಂಕು ಹಿಡಿದು ಅಕ್ಕನ ಬಾಗಿಲಿಗೆ ಬಂದವಳು ಅವಳು. ಅಕ್ಕ ಏನನ್ನೂ ಕೇಳಲಿಲ್ಲ. 'ಬಂದ್ಯಾ? ಮುಖ ತೊಳ್ಕೋ, ಊಟ ಮಾಡೋಣ' ಎಂದಳು, ಮುಗಿಯಿತು. ಅಂದಿನಿಂದ ದರ್ಜಿಯ ಅಂಗಡಿಯ ಮೇಲಿನ ಆ ಎರಡು ಕೋಣೆಗಳಲ್ಲಿ ಇಬ್ಬರದೂ ವಾಸ.

ಹನ್ನೆರಡು ದಿನದ ಹಿಂದೆ ಅಕ್ಕನಿಗೆ ಲಕ್ವ ಹೊಡೆಯಿತು. ತಂಗಿ ಕೆಲಸದಲ್ಲಿದ್ದಳು. ಅಕ್ಕ ಅಡುಗೆಮನೆಯಲ್ಲಿ ಬಿದ್ದದ್ದೇ ಕೊಂಬು ಮೆಟ್ಟಿಲಿಳಿದು ಓಡಿ, ದರ್ಜಿ ಹೊಲಿಯುತ್ತಿದ್ದ ಬಟ್ಟೆಯನ್ನೇ ಕಚ್ಚಿ ಎಳೆಯಿತಂತೆ. ಅವನು ಬೈಯುತ್ತ, ಅಳತೆ ಕೋಲು ಹಿಡಿದು ಅಟ್ಟಿಸಿಕೊಂಡು ಮೇಲೆ ಬಂದವನು ಅಕ್ಕನನ್ನು ನೋಡಿ ಕೋಲು ಬಿಸಾಕಿದನಂತೆ. ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರಿದ್ದರಿಂದ ಜೀವ ಉಳಿಯಿತು. ಬಲಗೈ ಮತ್ತು ಮಾತು ಹೋದವು.

ಆಮೇಲೆ ಬಂತು ಬಿರುಗಾಳಿ. ಕರೆಂಟು ಹೋಗಿ ಡ್ರೈಯರುಗಳು ನಿಂತವು. ಲಾಂಡ್ರಿಯ ನೆಲದಲ್ಲಿ ಪಾದ ಮುಳುಗುವಷ್ಟು ನೀರು. ವಾರ್ಡುಗಳು ಶೀಟು ಕೊಡಿ, ಶೀಟು ಕೊಡಿ ಎಂದು ಬೊಬ್ಬೆ ಹೊಡೆಯುತ್ತಿದ್ದವು. ಒದ್ದೆ ಶೀಟಿನ ಒಂದು ತುದಿ ಇವಳು, ಇನ್ನೊಂದು ತುದಿ ಎದುರಿನವಳು ಹಿಡಿದು, ಎಳೆದು, ಕೊಡವಿ, ಹತ್ತಿರ ಬಂದು ಮೂಲೆಗೆ ಮೂಲೆ ಸೇರಿಸಿ, ಮತ್ತೆ ಹಿಂದೆ ಸರಿದು, ಹೀಗೆ ಮೂರು ದಿನ ಎರಡೆರಡು ಪಾಳಿ. ಬ್ಲೀಚಿಗೆ ಬೆರಳ ಸಂದುಗಳು ಒಡೆದವು, ಪಾದಗಳು ಊದಿಕೊಂಡು ಚಪ್ಪಲಿಯ ಪಟ್ಟಿ ಮುಚ್ಚಿಹೋಯಿತು. ಮನೆಗೆ ಬಂದರೆ ಕೊಂಬು ಅಕ್ಕನ ಮಂಚದ ಕೆಳಗೆ. ಗಾಳಿಗೆ ಹೆದರಿ ಅಲ್ಲೇ ಒದ್ದೆ ಮಾಡಿಕೊಂಡು, ಇಟ್ಟ ಅನ್ನ ಮೂಸದೆ, ಅಕ್ಕನ ಹಳೇ ಶಾಲು ಕಚ್ಚಿ ಕುಯ್ಯೋ ಎನ್ನುತ್ತಿತ್ತು. ಆಸ್ಪತ್ರೆಯದೆಲ್ಲ ಒಗೆದು ಬಂದವಳು ಮಂಡಿಯೂರಿ ಮನೆಯದನ್ನು ಒರೆಸಬೇಕು. ಒರೆಸುತ್ತ ಒರೆಸುತ್ತ ಅವಳು ಒಮ್ಮೆ ಅತ್ತದ್ದೂ ಉಂಟು.

ನಿನ್ನೆ ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವಳು ಅಕ್ಕನ ವಾರ್ಡಿಗೆ ಹತ್ತಿ ಹೋದಳು. ಡಾಕ್ಟರು ಆಗಷ್ಟೇ ಹೇಳಿ ಹೋಗಿದ್ದರು, ಇನ್ನೆರಡು ದಿನದಲ್ಲಿ ಕರೆದುಕೊಂಡು ಹೋಗಬಹುದು, ಆದರೆ ಹಗಲು ಹೊತ್ತು ಯಾರಾದರೂ ಹತ್ತಿರ ಇರಬೇಕು ಎಂದು.

"ಹಗಲೆಲ್ಲಾ ಯಾರೇ ಇರ್ತಾರೆ ನಿನ್ನ ಹತ್ರ? ನಾನು ಕೆಲಸ ಬಿಟ್ಟುಬಿಡ್ಲಾ ಅಕ್ಕಾ?" ಎಂದು ಕೇಳಿದಳು.

ಅಕ್ಕ ಎಡಗೈಯಲ್ಲಿ ಪೆನ್ಸಿಲ್ ಹಿಡಿದು ಬರೆಯತೊಡಗಿದಳು. ಒಂದೊಂದು ಅಕ್ಷರಕ್ಕೂ ಒಂದೊಂದು ಶೀಟು ಮಡಚುವಷ್ಟು ಹೊತ್ತು. ಸಾಕಕ್ಕನ ಬಾಯಿ ಸುಮ್ಮನಿರಬೇಕಲ್ಲ. "ಆ ನಿನ್ನ ನಾಯಿ ಬೇರೆ. ಮಂಚದ ಕೆಳಗಿಂದ ಏಳಲ್ಲ, ತಿನ್ನಲ್ಲ, ಮನೆಯೆಲ್ಲಾ ಗಲೀಜು. ಅದನ್ನೇನು ಮಾಡ್ಲಿ ಹೇಳು" ಎಂದಳು. ಅಷ್ಟರಲ್ಲಿ ಅಕ್ಕ ಕಾಗದ ತಳ್ಳಿ, ಬೆವರು ಒರೆಸಿಕೊಂಡು, ಕಣ್ಣು ಮುಚ್ಚಿದಳು. ಡೊಂಕು ಡೊಂಕಾಗಿ ಎರಡೇ ಪದ ಇತ್ತು:

ನಾಯಿ ಸಾಕು

ಓದಿದ ಕೂಡಲೇ ಸಾಕಕ್ಕನ ಎದೆಯಿಂದ ಒಂದು ಮಣದ ಉಸಿರು ಹೊರಬಿತ್ತು. ಅಬ್ಬಾ! ಅಕ್ಕನಿಗೂ ಸಾಕಾಗಿದೆ! ಎಷ್ಟಾದರೂ ಸಾಕು ಎನ್ನುವುದು ತನ್ನದೇ ಮಾತು. ಜೀವಮಾನದಲ್ಲಿ ಮೊದಲ ಸಲ ಅಕ್ಕ ತನ್ನ ಭಾಷೆಯಲ್ಲಿ ಬರೆದಳು ಎನ್ನಿಸಿತು. ಚೀಟಿಯನ್ನು ಪರ್ಸಿಗೆ ತುರುಕಿ, ಬಿಡುವು ಮುಗಿಯಿತೆಂದು ಕೆಳಗೆ ಓಡಿದಳು. ಸಂಜೆ ದರ್ಜಿಯ ಹತ್ತಿರ ನಾಯಿ ಬೇಕಾದವರು ಯಾರಾದರೂ ಇದ್ದಾರೆಯೇ ಎಂದು ಕೇಳಿದಳು. ಬಲೆ ಗೋದಾಮಿನಲ್ಲಿ ಇಲಿಗಳ ಕಾಟ, ಕಾವಲುಗಾರ ನಾಯಿ ಹುಡುಕುತ್ತಿದ್ದಾನೆ ಎಂದು ಅವನೇ ಹೇಳಿದ.

ಹಾಗೆ ಈ ಬೆಳಗಿನ ನಡಿಗೆ.

ದಂಡೆಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ಸಮುದ್ರ ಮೂರು ದಿನ ತಿಂದದ್ದನ್ನೆಲ್ಲ ಕಾರಿಕೊಂಡಿತ್ತು. ಕಪ್ಪು ಜೊಂಡು ರಾಶಿ ರಾಶಿ, ಬಾಟಲಿಗಳು, ಹರಿದ ಬಲೆಯ ತುಂಡುಗಳು, ಯಾರದೋ ಮನೆಯ ಒಂದು ಬಾಗಿಲು, ಅದಕ್ಕಿನ್ನೂ ಚಿಲಕ ಹಾಕಿಯೇ ಇತ್ತು. ಚಪ್ಪಲಿಗಳು ಎಷ್ಟೋ ಇದ್ದವು, ಒಂದಕ್ಕೂ ಜೊತೆಯಿಲ್ಲ. ಕೊಂಬು ಪ್ರತಿಯೊಂದನ್ನೂ ಮೂಸಿ ನೋಡಿಯೇ ಮುಂದೆ ಹೋಗಬೇಕು.

"ಏನ್ ಹುಡುಕ್ತೀಯೋ ಮಾರಾಯ? ನಿಮ್ಮಮ್ಮನ ಚಪ್ಪಲಿ ಮನೇಲೇ ಇದೆ. ನಡಿ, ನಡಿ," ಎಂದು ಅವಳು ಹಗ್ಗ ಎಳೆದಳು. ಮರಳು ಹಸಿ ಹಿಟ್ಟಿನ ಹಾಗೆ ಕಾಲನ್ನು ಹಿಡಿದುಕೊಳ್ಳುತ್ತಿತ್ತು. ಹತ್ತು ಹೆಜ್ಜೆಗೊಮ್ಮೆ ನಿಂತು ಸೊಂಟಕ್ಕೆ ಕೈಕೊಟ್ಟಳು. "ಸಾಕಪ್ಪಾ ಸಾಕು. ಆ ಗೋದಾಮೇನು ನಾನು ನಡೆದಷ್ಟೂ ಹಿಂದೆ ಹಿಂದೆ ಹೋಗ್ತಿದೆಯಾ?"

ಅರ್ಧ ದಾರಿಯಲ್ಲಿ ನಾಯಿ ಗಕ್ಕನೆ ನಿಂತಿತು. ಎಳೆದರೂ ಬರಲಿಲ್ಲ. ಅಲ್ಲಿ ಏನೂ ಇರಲಿಲ್ಲ, ಬರೀ ಮರಳಿನ ದಿಬ್ಬ. ಅದನ್ನೇ ಎರಡು ಸುತ್ತು ಹಾಕಿ, ಮುಂಗಾಲಿನಿಂದ ಕೆರೆಯತೊಡಗಿತು. ಒಂದು ಮೊಳ ಕೆರೆದ ಮೇಲೆ ಸಿಮೆಂಟಿನ ಮೂಲೆಯೊಂದು ಹೊರಬಂತು. ಸಾಕಕ್ಕನಿಗೆ ಆಗ ತಿಳಿಯಿತು, ಇದು ಅಕ್ಕ ಕೂರುತ್ತಿದ್ದ ಕಟ್ಟೆ. 'ದಿನಾ ಕಟ್ಟೆ ಮೇಲೆ ಕೂತು ಪೇಪರು ಓದ್ತೀನಿ, ಇವನು ಪಕ್ಕದಲ್ಲಿ ಕೂತು ತಪ್ಪು ಹುಡುಕ್ತಾನೆ' ಎಂದು ಅಕ್ಕ ಹೇಳುತ್ತಿದ್ದಳು. ಒಂದು ಬೆಳಿಗ್ಗೆಯಾದರೂ ಜೊತೆಗೆ ಬಾರೇ ಎಂದು ಎಷ್ಟು ಸಲ ಕರೆದಿದ್ದಳೋ. ತಂಗಿಗೆ ಪುರುಸೊತ್ತಾಗಿರಲಿಲ್ಲ. ಬಂದದ್ದೇ ಇವತ್ತು, ನಾಯಿಯನ್ನು ದಾಟಿಸಲಿಕ್ಕೆ.

ಕೊಂಬು ಕೆರೆಯುವುದನ್ನು ನಿಲ್ಲಿಸಿ, ಬಯಲಾದ ಆ ಒಂದು ಮೂಲೆಯ ಪಕ್ಕದಲ್ಲಿ ಕುಕ್ಕರಿಸಿ, ಅವಳ ಮುಖ ನೋಡಿತು. ಕೂರು ಎನ್ನುವ ಹಾಗಿತ್ತು ಅದರ ನೋಟ. "ಹಾಗೆ ನೋಡಬೇಡ ನನ್ನ. ನಾನೇನು ಮಾಡ್ಲಿ? ಅವಳೇ ಬರ್ಕೊಟ್ಟಿದ್ದಾಳೆ," ಎಂದು ರೇಗಿದಳು. ನಾಯಿಯ ಮುಂದೆ ಸಾಕ್ಷಿ ಹೇಳುವ ಗತಿ ಬಂತಲ್ಲ ಎಂದು ಅವಳಿಗೆ ತನ್ನ ಬಗ್ಗೆಯೇ ನಾಚಿಕೆಯಾಯಿತು.

ಗೋದಾಮಿನ ಅರ್ಧ ಛಾವಣಿ ಹಾರಿಹೋಗಿತ್ತು. ಕಾವಲುಗಾರ ಒದ್ದೆ ಬಲೆಗಳನ್ನು ಬೇಲಿಯ ಮೇಲೆ ಹರವುತ್ತಿದ್ದ. ಅರವತ್ತು ದಾಟಿದ ಸಣಕಲು ಮನುಷ್ಯ. ನಾಯಿಯ ಬಾಯಿ ಬಿಡಿಸಿ ಹಲ್ಲು ನೋಡಿದ, ಬೆನ್ನು ತಟ್ಟಿದ. ಕೊಂಬು ಸುಮ್ಮನೆ ನಿಂತಿತ್ತು.

"ನಾಯಿ ಏನೋ ಚೆನ್ನಾಗಿದೆ ತಾಯಿ. ಆದ್ರೆ ಯಜಮಾನಿ ಒಪ್ಪಿದ್ದಾರಾ? ಹೋದ ಸಲ ಒಬ್ರು ಹೀಗೇ ಕೊಟ್ರು, ಅದು ನನಗೆ ಹೊಂದಿಕೊಂಡ ಮೇಲೆ ಅವರಣ್ಣ ಬಂದು ಎಳ್ಕೊಂಡು ಹೋದ. ನನ್ನ ಹೊಟ್ಟೆ ಉರಿದುಹೋಯ್ತು."

"ಒಪ್ಪಿದಾಳೆ ಅಣ್ಣಾ. ಬೇಕಾದ್ರೆ ನೋಡಿ," ಎಂದು ಸಾಕಕ್ಕ ಪರ್ಸಿನಿಂದ ಚೀಟಿ ತೆಗೆದು ಕೊಟ್ಟಳು.

ಅವನು ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು, ಅಕ್ಷರದ ಕೆಳಗೆ ಬೆರಳಿಟ್ಟು ಗಟ್ಟಿಯಾಗಿ ಓದಿದ. "ನಾಯಿ... ಸಾಕು." ಇನ್ನೊಮ್ಮೆ ಓದಿದ. ಆಮೇಲೆ ಅವಳ ಮುಖ ನೋಡಿದ.

"ಸಾಕು ಅಂತಾನೇ ಬರೆದಿದ್ದಾರಲ್ಲ ತಾಯಿ. ಮತ್ತೆ ನನಗ್ಯಾಕೆ ಕೊಡ್ತೀರಿ?"

"ಸಾಕು ಅಂದ್ರೆ ಸಾಕಾಯ್ತು ಅಂತ ಅಣ್ಣಾ."

"ಸಾಕು ಅಂದ್ರೆ ಸಾಕೋದು. ಅನ್ನ ಹಾಕಿ ಸಾಕೋದು. ನೀನು ಸಾಕು ಅಂದಿದ್ದಾರೆ."

"ಅಯ್ಯೋ, ಸಾಕು ಅಂದ್ರೆ ಇನ್ನು ಸಾಕು ಅಂತ!"

"ಇನ್ನು ಅಂತ ಎಲ್ಲಿದೆ ಇದರಲ್ಲಿ? ತೋರಿಸಿ ನೋಡೋಣ," ಎಂದು ಅವನು ಚೀಟಿಯನ್ನು ಅವಳ ಮೂಗಿನ ಹತ್ತಿರ ಹಿಡಿದ.

ಸಾಕಕ್ಕ ನೋಡಿದಳು. ಇರಲಿಲ್ಲ. ಇನ್ನು ಎಂದೂ ಇರಲಿಲ್ಲ, ಮತ್ತೊಂದೂ ಇರಲಿಲ್ಲ. ಅಲ್ಪವಿರಾಮಕ್ಕಾಗಿ ಹಾಲನ್ನೇ ಬಿಟ್ಟವಳು ಬರೆದ ಚೀಟಿ ಇದು, ಕೊನೆಗೊಂದು ಚುಕ್ಕಿಯೂ ಇಲ್ಲ. ತನ್ನನ್ನು ಎಂಟನೆಯ ವಯಸ್ಸಿನಿಂದ ಸಾಕಿದವಳು ಬರೆದ ಸಾಕು ಎಂಬ ಮಾತು ತನಗೆ ಒಂದೇ ಒಂದು ರೀತಿಯಲ್ಲಿ ಓದಿಸಿಕೊಂಡಿತಲ್ಲ. ದಣಿದ ಕಣ್ಣು ತನಗೆ ಬೇಕಾದದ್ದನ್ನೇ ಓದಿತ್ತು. ಅವಳು ಬಲೆಯ ಗುಪ್ಪೆಯ ಮೇಲೆ ಕುಸಿದು ಕೂತಳು.

"ನೀವು ಏನು ಕೇಳಿದ್ದಕ್ಕೆ ಅವರು ಇದನ್ನ ಬರೆದ್ರು?" ಎಂದ ಕಾವಲುಗಾರ, ಈಗ ಸ್ವಲ್ಪ ಮೆತ್ತಗೆ.

ನಾಯಿಯನ್ನೇನು ಮಾಡಲಿ ಎಂದು ಕೇಳಿದೆ ಎನ್ನಲು ಬಾಯಿ ತೆರೆದವಳಿಗೆ ಪೆನ್ಸಿಲ್ ನೆನಪಾಯಿತು. ನಾಯಿಯ ಮಾತು ಎತ್ತುವ ಮೊದಲೇ ಅಕ್ಕನ ಪೆನ್ಸಿಲ್ ಓಡುತ್ತಿತ್ತು. 'ನಾ' ಎಂಬ ಅಕ್ಷರ ಆಗಲೇ ಕಾಗದದ ಮೇಲಿತ್ತು. ಹಾಗಾದರೆ ಅಕ್ಕ ಉತ್ತರ ಕೊಟ್ಟದ್ದು ಯಾವ ಪ್ರಶ್ನೆಗೆ?

"ನಾನೇ ಸರಿಯಾಗಿ ಕೇಳಿಸ್ಕೊಂಡಿಲ್ಲ ಅಣ್ಣಾ," ಎಂದು ಅವಳು ಎದ್ದಳು. "ತಪ್ಪು ತಿಳ್ಕೋಬೇಡಿ. ಕೇಳ್ಕೊಂಡು ಬರ್ತೀನಿ."

"ಹೋಗಿಬನ್ನಿ. ಅದು ನನ್ನ ಹತ್ರ ಇರಲ್ಲ ಬಿಡಿ, ಆಗ್ಲಿಂದ ನಿಮ್ಮ ಕಾಲೇ ನೋಡ್ತಿದೆ," ಎಂದು ಅವನು ಬಲೆ ಹರವಲು ಹೋದ.

ಆಸ್ಪತ್ರೆಯವರೆಗೆ ಅವಳು ಹೇಗೆ ನಡೆದಳೋ ಅವಳಿಗೇ ಗೊತ್ತಿಲ್ಲ. ಕಾಲು ಎಂಬುದು ಮೈಗೆ ಅಂಟಿದ ಎರಡು ಮರಳಿನ ಚೀಲವಾಗಿತ್ತು. ಲಾಂಡ್ರಿಯ ಹಿಂಬಾಗಿಲಲ್ಲಿ ಬಟ್ಟೆ ಗಾಡಿಗೆ ಕೊಂಬುವನ್ನು ಕಟ್ಟಿದಾಗ ಒಳಗಿನವರು, "ರಜಾ ದಿನಾನೂ ಬಂದ್ಯಾ ಸಾಕಕ್ಕಾ? ಸಾಕಾಗಲಿಲ್ವಾ?" ಎಂದು ನಕ್ಕರು. ಅವಳು ನೇರ ವಾರ್ಡಿನ ಮೆಟ್ಟಿಲು ಹತ್ತಿದಳು.

ಅಕ್ಕ ದಿಂಬಿಗೆ ಒರಗಿ ಕೂತಿದ್ದಳು. ಸಾಕಕ್ಕ ಚೀಟಿಯನ್ನು ಅವಳ ತೊಡೆಯ ಮೇಲಿಟ್ಟಳು. "ಅಕ್ಕಾ, ಬೈಬೇಡ. ಇದನ್ನ ಓದಿ, ನಿನಗೆ ನಾಯಿ ಸಾಕಾಗಿದೆ ಅಂತ ತಿಳ್ಕೊಂಡೆ. ಕೊಂಬೂನ ಕೊಟ್ಟುಬಿಡೋಕೆ ಗೋದಾಮಿನ ತನಕ ಹೋಗಿದ್ದೆ. ಕೊಟ್ಟಿಲ್ಲ. ಕೆಳಗೆ ಕಟ್ಟಿದೀನಿ."

ಅಕ್ಕನ ಕಣ್ಣು ಅಗಲವಾಯಿತು. ಚೀಟಿ ನೋಡಿದಳು, ತಂಗಿಯನ್ನು ನೋಡಿದಳು, ಮತ್ತೆ ಚೀಟಿ ನೋಡಿದಳು. ನಲವತ್ತೆರಡು ವರ್ಷ ಊರವರ ತಪ್ಪು ತಿದ್ದಿದವಳ ಮುಖದಲ್ಲಿ, ಅಲುಗುವ ಅರ್ಧದಲ್ಲಿ, ಅವಮಾನ ಕೆಂಪಗೆ ಏರಿತು. ಎಡಗೈ ಪೆನ್ಸಿಲಿಗಾಗಿ ತಡಕಾಡಿತು. ಸಾಕಕ್ಕ ಈ ಸಲ ಬಾಯಿಗೆ ಬೀಗ ಹಾಕಿಕೊಂಡು ಕಾದಳು.

'ನಾಯಿ' ಎಂಬುದರ ಹಿಂದೆ ಮಾಡಿನಂಥ ಗುರುತು ಬಿತ್ತು. ಗೆರೆಯೊಂದು ನಡುಗುತ್ತ ಅಂಚಿಗೆ ಹೋಯಿತು. ಅಲ್ಲಿ ಮೂಡಿದ ಪದ, 'ನನಗೆ'.

ನನಗೆ ನಾಯಿ ಸಾಕು

ಕೆಲಸ ಬಿಡಲೇ ಎಂದದ್ದಕ್ಕೆ ಉತ್ತರ ಅದು. ನೀನು ಬಿಡಬೇಡ, ನನಗೆ ನಾಯಿಯೊಂದಿದ್ದರೆ ಆಯಿತು, ಬಿದ್ದರೆ ದರ್ಜಿಯನ್ನು ಕರೆತರಲು ಅದಕ್ಕೆ ಗೊತ್ತು. ಸಾಕಕ್ಕನಿಗೆ ಎಲ್ಲ ಒಟ್ಟಿಗೆ ಹೊಳೆಯಿತು. ಹಗುರವಾಗಬೇಕಾಗಿತ್ತು, ಆಗಲಿಲ್ಲ. ಬದಲಿಗೆ ಎಲ್ಲಿತ್ತೋ ಅಷ್ಟು ದುಃಖ, ಒತ್ತರಿಸಿಕೊಂಡು ಬಂತು.

"ನಿನಗೆ ನಾಯಿ ಸಾಕು. ಸರಿ. ಹಾಗಾದ್ರೆ ನಾನು ಬೇಡ್ವಾ? ಇಷ್ಟು ವರ್ಷ ಜೊತೇಲಿದ್ದು, ನಿನಗೆ ನಾಯಿ ಆದ್ರೂ ಆಗುತ್ತೆ, ನಾನಿಲ್ದಿದ್ರೂ ನಡೆಯುತ್ತೆ ಅಲ್ವಾ?" ಎಂದು ಮಗುವಿನ ಹಾಗೆ ಅತ್ತುಬಿಟ್ಟಳು. ಐವತ್ತನಾಲ್ಕು ವರ್ಷದ ಹೆಂಗಸು, ಪಕ್ಕದ ಹಾಸಿಗೆಯವರು ತಿರುಗಿ ನೋಡುವ ಹಾಗೆ.

ಅಕ್ಕ "ಉಂಹೂಂ!" ಎಂದು ಗದರಿದಳು. ಅವಳಿಗೆ ಉಳಿದಿದ್ದ ಮಾತು ಅದೊಂದೇ. ಮತ್ತೆ ಕಾಗದದ ಮೇಲೆ ಬಗ್ಗಿದಳು. 'ನನಗೆ' ಎಂಬುದರ ಹಿಂದೆ ಇನ್ನೊಂದು ಗುರುತು ಹಾಕಿ, ಇನ್ನೊಂದು ಗೆರೆ ಎಳೆದಳು. ಈ ಪದಕ್ಕೆ ಬಹಳ ಹೊತ್ತು ಹಿಡಿಯಿತು. ಕೆಳಗಿನಿಂದ ಕೊಂಬು ಬೊಗಳಿದ್ದು ಕಿಟಕಿಯಲ್ಲಿ ಕೇಳಿಸಿದಾಗ ಅವಳ ಅರ್ಧ ತುಟಿ ನಕ್ಕಿತು, ಪೆನ್ಸಿಲ್ ಮಾತ್ರ ನಿಲ್ಲಲಿಲ್ಲ. ಕೊನೆಗೆ ಕಾಗದ ತೂತಾಗುವಷ್ಟು ಒತ್ತಿ ಒಂದು ಚುಕ್ಕಿ ಇಟ್ಟು ತಂಗಿಯ ಕಡೆಗೆ ತಿರುಗಿಸಿದಳು.

ಹಗಲಿಗೆ ನನಗೆ ನಾಯಿ ಸಾಕು.

ಸಾಕಕ್ಕ ಮೂರು ಸಲ ಓದಿದಳು. ಮೂರು ಸಲವೂ ಒಂದೇ ಅರ್ಥ ಬಂತು.

"ಸಂಜೆಗೆ?" ಎಂದಳು, ಮೂಗು ಒರೆಸಿಕೊಳ್ಳುತ್ತ.

ಅಕ್ಕ ಪೆನ್ಸಿಲಿನ ಹಿಂತುದಿಯಿಂದ ಅವಳ ಎದೆಯನ್ನು ಒಮ್ಮೆ ಕುಕ್ಕಿದಳು.

ಸಾಕಕ್ಕ ಸ್ಟೂಲನ್ನು ಹತ್ತಿರ ಎಳೆದುಕೊಂಡು, ಸ್ವಲ್ಪ ಹೊತ್ತು ಎಂದು ಹಾಸಿಗೆಯ ಅಂಚಿಗೆ ತಲೆ ಇಟ್ಟಳು. ತಾನೇ ಒಗೆದು ಮಡಚಿದ ಶೀಟು, ಬ್ಲೀಚಿನ ವಾಸನೆ ಇನ್ನೂ ಹೋಗಿರಲಿಲ್ಲ. ಹನ್ನೆರಡು ದಿನದ ನಿದ್ದೆ ಒಟ್ಟಿಗೆ ಬಂದು ಅವಳನ್ನು ಎಳೆದುಕೊಂಡಿತು.

ಭೇಟಿಯ ಹೊತ್ತು ಮುಗಿಯಿತೆಂದು ನರ್ಸಮ್ಮ ಬಂದು, "ಏಳಮ್ಮಾ" ಎನ್ನಲು ಬಾಯಿ ತೆರೆದರು. ಅಕ್ಕ ಎಡಗೈಯ ಬೆರಳನ್ನು ಎತ್ತಿ, ಡೊಂಕಾದ ತುಟಿಯ ಮೇಲೆ ಇಟ್ಟಳು.